ಪಾಪರ್ ಅರ್ಜಿ ಹಾಕುವ ವಕೀಲ ನಮ್ಮೂರಲ್ಲಿ ಯಾಕಿಲ್ಲ?

ಸ್ವಲ್ಪ ಉದ್ದ ಉಂಟು, ಪುರುಸೊತ್ತಿನಲ್ಲಿ ಓದಿ.

ಕಳೆದ ವಾರ ರಾತ್ರಿ ಊಟಕ್ಕೆ ಕೂತಿದ್ದೆ. ಕಾವೂರಿನ ನಮ್ಮ ಕಾಲೊನಿಯ ಅಕ್ಕ ಒಬ್ಬರು ಸೆರಗಿನೊಳಗೆ ಒಂದು ಕವರ್ ಮುಚ್ಚಿಕೊಂಡು ಬಂದು ಬಾಗಿಲಲ್ಲಿ ನಿಂತರು. "ಅಣ್ಣೆರೆ, ಉಂದು ದಾದ ತೂಲೆ" ಅಂದರು. ವಕೀಲರ ನೋಟಿಸು. ಇಂಗ್ಲಿಷಿನಲ್ಲಿತ್ತು, ಪಾಪ ಅವರಿಗೆ ಓದ್ಲಿಕ್ಕೆ ಬರುವುದಿಲ್ಲ. ಚೆಕ್ ಬೌನ್ಸ್ ಆಗಿದೆ, 15 ದಿನದೊಳಗೆ ದುಡ್ಡು ಕಟ್ಟದಿದ್ದರೆ ಕೇಸು ಅಂತ ಇತ್ತು. ಊರಿನ ಒಂದು ಫೈನಾನ್ಸಿನವರು ಸಾಲ ಕೊಡುವಾಗ ಸಹಿ ಹಾಕಿಸಿ ಇಟ್ಟುಕೊಂಡಿದ್ದ ಖಾಲಿ ಚೆಕ್ಕು ಅದು.

ಅವರ ಒಪ್ಪಿಗೆ ಕೇಳಿಯೇ ಬರೀತಿದ್ದೇನೆ, ಹೆಸರು ಬೇಡ. ಮೂರು ಮನೆಯ ಕೆಲಸ ಮಾಡ್ತಾರೆ. ಗಂಡ ಪೇಂಟಿಂಗ್ ಕೆಲಸದಲ್ಲಿ ಏಣಿಯಿಂದ ಬಿದ್ದು ಸೊಂಟಕ್ಕೆ ಪೆಟ್ಟಾಗಿ ಮನೆಯಲ್ಲೇ ಇದ್ದಾರೆ. ಆಸ್ಪತ್ರೆಗೆ ಅಂತ ಗುಂಪಿನ ಸಾಲ, ಅದರ ಕಂತಿಗೆ ಇನ್ನೊಂದು ಗುಂಪಿನ ಸಾಲ, ಎರಡರ ಕಂತಿಗೂ ಸೇರಿ ಈ ಫೈನಾನ್ಸು. ಎಲ್ಲ ಸೇರಿ ಒಂದು ಲಕ್ಷ 80 ಸಾವಿರದ ಹತ್ತಿರ. ಈ ಕತೆ ನಿಮಗೆ ಗೊತ್ತಿಲ್ಲದ್ದಲ್ಲ, ನಿಮ್ಮ ನಿಮ್ಮ ಕೇರಿಯಲ್ಲೂ ಇದೇ ಉಂಟು.

ಆದರೆ ಅಕ್ಕ ಕೇಳಿದ ಪ್ರಶ್ನೆ ಮಾತ್ರ ನನಗೆ ಹೊಸದು. "ಕೇಸಿನಿಂದ ತಪ್ಪಿಸಿ" ಅಂತ ಅವರು ಕೇಳಲಿಲ್ಲ. "ನಮ್ಮತ್ರ ಇಲ್ಲ ಅಂತ ನಾವೇ ಕೋರ್ಟಿಗೆ ಹೋಗಿ ಹೇಳ್ಬಹುದಾ? ಇದ್ದದ್ದನ್ನೆಲ್ಲ ತೋರಿಸಿ, ಇದನ್ನು ಒಮ್ಮೆ ಮುಗಿಸ್ಲಿಕ್ಕೆ ಒಂದು ದಾರಿ ಇಲ್ವಾ?" ಅಂತ ಕೇಳಿದರು.

ಇದಕ್ಕೆ ನಮ್ಮ ಹಿರಿಯರ ಬಾಯಲ್ಲಿ ಒಂದು ಮಾತುಂಟು: ಪಾಪರ್ ಆಗುವುದು. ಕಾನೂನಿನ ಭಾಷೆಯಲ್ಲಿ ದಿವಾಳಿ ಅರ್ಜಿ. ನಮ್ಮಲ್ಲಿ ಅದು ಬೈಗುಳ. ಅಮೆರಿಕದಲ್ಲಿ ಅದೊಂದು ಕಸುಬು. ಅಲ್ಲಿ ಚಿಕ್ಕ ಚಿಕ್ಕ ಊರುಗಳಲ್ಲೂ ಒಬ್ಬ ವಕೀಲ, ಒಬ್ಬ ಗುಮಾಸ್ತ, ಒಂದು ಕೋಣೆ ಇಟ್ಟುಕೊಂಡು ಜೀವನವಿಡೀ ಸಾಲಗಾರರ ದಿವಾಳಿ ಅರ್ಜಿ ಹಾಕಿಯೇ ಬದುಕುವವರು ಇದ್ದಾರೆ. ಆಸ್ತಿಯಿಲ್ಲದವನ ಅರ್ಜಿಗೆ ಕೋರ್ಟಿನ ಶುಲ್ಕ 338 ಡಾಲರ್, ಸುಮಾರು ನಾಲ್ಕು ತಿಂಗಳಲ್ಲಿ ಹೆಚ್ಚಿನ ಸಾಲ ರದ್ದಾಗ್ತದೆ. ಇಂಗ್ಲೆಂಡಿನಲ್ಲಿ ಬಡವರಿಗೆ ಅಂತಲೇ 2009ರಿಂದ ಪ್ರತ್ಯೇಕ ವ್ಯವಸ್ಥೆ ಉಂಟು, ಅದಕ್ಕೆ ವಕೀಲರೂ ಬೇಡ. 90 ಪೌಂಡ್ ಶುಲ್ಕ ಇತ್ತು, 2024ರಲ್ಲಿ ಅದನ್ನೂ ತೆಗೆದುಹಾಕಿದರು. ಅಲ್ಲಿಯೂ ಬಡವರಿಗೆ ಸುಖ ಇದೆ ಅಂತ ನಾನು ಹೇಳುವುದಿಲ್ಲ. ಆದರೆ ಬಾಗಿಲು ಒಂದುಂಟು, ಬಾಗಿಲಲ್ಲಿ ಕೂತು ದಾರಿ ತೋರಿಸುವವನೂ ಒಬ್ಬ ಉಂಟು.

ನಮ್ಮ ಮಂಗಳೂರಿನಲ್ಲಿ ಅಂಥ ವಕೀಲ ಯಾರು? ಅಕ್ಕನನ್ನು ಕೂರಿಸಿ, ನಮ್ಮವನೇ ಆದ ಒಬ್ಬ ವಕೀಲ ತಮ್ಮನಿಗೆ ಫೋನ್ ಮಾಡಿದೆ. ಹೆಸರು ಕೇಳಿ ಅವನು ಒಂದು ಕ್ಷಣ ಸುಮ್ಮನಾದ. ಆಮೇಲೆ, "ಅಣ್ಣ, ಆ ನೋಟಿಸು ಕಳಿಸಿದ ಆಫೀಸಿಗೆ ನಾನೇ ಕೇಸು ನಡೆಸುವುದು. ನಾನು ಎದುರು ಪಾರ್ಟಿ" ಅಂದ.

ನನಗೆ ಸಿಟ್ಟು ಬಂತು. ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಕೂತು ಅವನ ಲೆಕ್ಕ ಕೇಳಿದೆ.

ಪೌರಕಾರ್ಮಿಕರ ಮಗ ಅವನು. ಎಲ್‌ಎಲ್‌ಬಿ ಮುಗಿಸಿ ಸನ್ನದು ತೆಗೆದುಕೊಳ್ಳಲಿಕ್ಕೆ ತಾಯಿಯ ಬೆಂಡೋಲೆ ಅಡವಿಟ್ಟಿದ್ದ. 1961ರ ವಕೀಲರ ಕಾಯ್ದೆಯ 24ನೇ ಕಲಂ ಪ್ರಕಾರ ನೋಂದಣಿಗೆ ಸಾಮಾನ್ಯರಿಗೆ 750, ಪರಿಶಿಷ್ಟ ಜಾತಿ ಪಂಗಡದವರಿಗೆ 125 ರೂಪಾಯಿ ಮಾತ್ರ. ಆದರೆ ದೇಶದ ವಕೀಲರ ಪರಿಷತ್ತುಗಳು ಆ ಶುಲ್ಕ, ಈ ನಿಧಿ ಅಂತ ಸೇರಿಸಿ 15 ಸಾವಿರದಿಂದ 42 ಸಾವಿರದವರೆಗೆ ತೆಗೆದುಕೊಳ್ತಿದ್ದವು. 2024ರ ಜುಲೈ 30ರಂದು ಸುಪ್ರೀಂ ಕೋರ್ಟು ಗೌರವ್ ಕುಮಾರ್ ಪ್ರಕರಣದಲ್ಲಿ ಇದು ತಪ್ಪು, ಕಾಯ್ದೆಯಲ್ಲಿ ಇರುವುದಕ್ಕಿಂತ ಒಂದು ಪೈಸೆ ಹೆಚ್ಚು ಕೇಳಬಾರದು ಅಂತ ಹೇಳಿತು. ಆದರೆ ಈ ಮೊದಲು ಕಟ್ಟಿದವರಿಗೆ ವಾಪಸ್ ಇಲ್ಲ. ಬೆಂಡೋಲೆ ಹೋದದ್ದು ಹೋಯ್ತು. ಅಂದ್ರೆ ಸಾಲದವರ ಪರ ನಿಲ್ಲಬೇಕಾದ ಹುಡುಗ ಸಾಲದಲ್ಲೇ ಕೋಟು ಹಾಕಿದ.

ಬಾಬಾಸಾಹೇಬರ ಕತೆಯೂ ಬೇರೆಯಲ್ಲ. ಲಂಡನ್ನಿನಿಂದ ಬ್ಯಾರಿಸ್ಟರ್ ಆಗಿ ಬಂದವರಿಗೆ 1923ರಲ್ಲಿ ಸನ್ನದಿಗೆ ಕಟ್ಟಲು ದುಡ್ಡಿರಲಿಲ್ಲ. ಪಾರ್ಸಿ ಗೆಳೆಯ ನವಲ್ ಭಟೇನಾ ಕೊಟ್ಟರು. ಅಸ್ಪೃಶ್ಯ ವಕೀಲನಿಗೆ ದೊಡ್ಡ ಕೇಸು ಕೊಡುವವರೂ ಇರಲಿಲ್ಲ. ಮೊನ್ನೆ ಮೊನ್ನೆ ಏಪ್ರಿಲ್ 14ಕ್ಕೆ ನಾವು ಹಾರ ಹಾಕಿದ ಫೋಟೋದ ಆ ಕೋಟಿನ ಹಿಂದೆ ಇದೂ ಉಂಟು.

ಸರಿ, ನಮ್ಮ ತಮ್ಮನ ವಿಷಯಕ್ಕೆ ಬರ್ತೇನೆ. ಮೊದಲ ಮೂರು ವರ್ಷ ಸೀನಿಯರ್ ಆಫೀಸಿನಲ್ಲಿ ಬಸ್ಸಿನ ಖರ್ಚಿಗೆ ಆಗುವಷ್ಟು ಸಿಕ್ಕಿತು. ಕಾವೂರಿನಿಂದ ಸ್ಟೇಟ್‌ಬ್ಯಾಂಕಿನ ಬಸ್ಸು ಹತ್ತಿ, ಇಳಿದು, ಕೋರ್ಟಿಗೆ ನಡೆದು ಹೋಗ್ತಿದ್ದ. (ಹೊರಗಿನ ಗೆಳೆಯರಿಗೆ: ನಮ್ಮಲ್ಲಿ ಸಿಟಿ ಬಸ್ ನಿಲ್ದಾಣದ ಹೆಸರೇ ಸ್ಟೇಟ್‌ಬ್ಯಾಂಕ್. ಕಂಡಕ್ಟರುಗಳು ದಿನವಿಡೀ ಬ್ಯಾಂಕಿನ ಹೆಸರು ಕೂಗುವ ಊರು ಇದು.) ಜಾಗದ ಕೇಸುಗಳು ಹಳೇ ಮನೆತನದ ವಕೀಲರಿಗೆ ಹೋಗ್ತವೆ. ಕಂಪನಿ ಕೇಸುಗಳು ಬೆಂಗಳೂರಿಗೆ. ನಮ್ಮವರ ಕೇಸಿಗೆ ಫೀಸು ಕೇಳಲಿಕ್ಕೆ ಬಾಯಿ ಬರುವುದಿಲ್ಲ. ಆಗ ಒಂದು ಫೈನಾನ್ಸಿನವರು ಕರೆದರು. ಚೆಕ್ ಬೌನ್ಸ್ ಕೇಸು, ಒಂದಕ್ಕೆ ಇಷ್ಟು, ತಿಂಗಳಿಗೆ ಹತ್ತಾರು. ನೋಟಿಸಿನ ನಮೂನೆ ಒಂದೇ, ಹೆಸರು ಮತ್ತು ಮೊತ್ತ ಬದಲಾಯಿಸಿದರೆ ಆಯ್ತು. ಅದರಿಂದಲೇ ಬೆಂಡೋಲೆ ಬಿಡಿಸಿದ, ತಂಗಿಯ ಮದುವೆ ಮಾಡಿದ.

ಅವನನ್ನು ದೂರಲಿಕ್ಕೆ ನನಗೆ ಮನಸ್ಸು ಬರಲಿಲ್ಲ. ಸಾಲ ಕೊಟ್ಟವನ ಕೆಲಸ ಮಾಡಿದರೆ ವಕೀಲನ ಹೊಟ್ಟೆ ತುಂಬ್ತದೆ, ಸಾಲಗಾರನ ಕೆಲಸ ಮಾಡಿದರೆ ತುಂಬುವುದಿಲ್ಲ. ಇದು ಅವನ ಗುಣದ ಮಾತಲ್ಲ, ಕಾನೂನನ್ನು ಹಾಗೆ ಕಟ್ಟಿಟ್ಟಿದ್ದಾರೆ. ಹೇಗೆ ಅಂತ ಹೇಳ್ತೇನೆ. ನಾನು ಗುಮಾಸ್ತ, ವಕೀಲ ಅಲ್ಲ. ಆದರೆ ಫೈಲು ಓದಿ ಅಭ್ಯಾಸ ಉಂಟು, ಒಂದು ವಾರ ಕೂತು ಓದಿದೆ.

ಚೆಕ್ ಬೌನ್ಸನ್ನು ಕ್ರಿಮಿನಲ್ ಅಪರಾಧ ಮಾಡಿದ್ದು 1988ರ ತಿದ್ದುಪಡಿ. ಆ 138ನೇ ಕಲಂನಲ್ಲಿ ಎರಡು ವರ್ಷದವರೆಗೆ ಜೈಲು, ಚೆಕ್ಕಿನ ಎರಡು ಪಟ್ಟು ದಂಡ. ಚೆಕ್ ವಾಪಸ್ ಬಂದ 30 ದಿನದಲ್ಲಿ ನೋಟಿಸು, ನೋಟಿಸು ಸಿಕ್ಕಿದ 15 ದಿನದಲ್ಲಿ ದುಡ್ಡು, ಇಲ್ಲದಿದ್ದರೆ ಆಮೇಲಿನ ಒಂದು ತಿಂಗಳಲ್ಲಿ ಕೇಸು. ಸಾಲ ಕೊಟ್ಟವನಿಗೆ ಎಷ್ಟು ಅಚ್ಚುಕಟ್ಟಾದ ದಾರಿ ನೋಡಿ.

ಸಾಲಗಾರನಿಗೆ ಏನುಂಟು? 1920ರ ಪ್ರಾಂತೀಯ ದಿವಾಳಿ ಕಾಯ್ದೆ. ಬ್ರಿಟಿಷರು ಮಾಡಿದ್ದು, ಬಾಂಬೆ ಕಲ್ಕತ್ತಾ ಮದರಾಸು ಬಿಟ್ಟು ಉಳಿದ ಊರುಗಳಿಗೆ. 500 ರೂಪಾಯಿಗಿಂತ ಹೆಚ್ಚು ಸಾಲ ಇದ್ದು ತೀರಿಸಲಿಕ್ಕೆ ಆಗದವನು ತಾನೇ ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ಕೋರ್ಟು ಒಪ್ಪಿದರೆ, ಆ ಸಾಲಗಳಿಗಾಗಿ ಕೋರ್ಟಿನ ಅನುಮತಿ ಇಲ್ಲದೆ ಅವನ ಮೇಲೆ ಹೊಸ ದಾವೆ ಹಾಕುವ ಹಾಗಿಲ್ಲ. ತೆಲುಗು ಸೀಮೆಯಲ್ಲಿ ವ್ಯಾಪಾರಿಗಳು 'ಐಪಿ' ಹಾಕಿದರು ಅನ್ನುವುದು ಮನೆಮಾತು, ಅದು ಈ ಕಾಯ್ದೆಯ ಅರ್ಜಿಯೇ. ನಮ್ಮ ಕಾಲೊನಿಯಲ್ಲಿ ಐಪಿ ಅಂದ್ರೆ ಯಾರಿಗೂ ಗೊತ್ತಿಲ್ಲ.

ಈ ಕಾಯ್ದೆ ಹಳತಾಯ್ತು ಅಂತ 2016ರಲ್ಲಿ ಕೇಂದ್ರ ಸರಕಾರ ದಿವಾಳಿ ಸಂಹಿತೆ ತಂದಿತು. ಅದರ ಎರಡನೇ ಭಾಗ ಕಂಪನಿಗಳಿಗೆ, ಮೂರನೇ ಭಾಗ ನಮ್ಮಂಥ ಮನುಷ್ಯರಿಗೆ. ಎರಡನೇ ಭಾಗ ಆ ವರ್ಷದ ಡಿಸೆಂಬರಿನಲ್ಲೇ ಜಾರಿಗೆ ಬಂತು. ಮೂರನೇ ಭಾಗ? 2019ರ ಡಿಸೆಂಬರ್ 1ರಿಂದ ಕಂಪನಿ ಸಾಲಕ್ಕೆ ಜಾಮೀನು ಹಾಕಿದ ವ್ಯಕ್ತಿಗಳಿಗೆ ಮಾತ್ರ ಜಾರಿ. ಅದೂ ಬ್ಯಾಂಕುಗಳು ಅವರನ್ನು ಹಿಡಿಯಲಿಕ್ಕೆ ಬೇಕಾಯ್ತು ಅಂತ. ಉಳಿದ ಜನರಿಗೆ, ಅಂದ್ರೆ ಮನೆಗೆಲಸದ ಅಕ್ಕನಿಗೆ, ಆಟೋ ಓಡಿಸುವವನಿಗೆ, ಬೀಡಿ ಕಟ್ಟುವವರಿಗೆ, ನಾನು ಇದನ್ನು ಬರೆಯುವ 2025ರ ಏಪ್ರಿಲ್‌ವರೆಗೂ ಜಾರಿಯಾಗಿಲ್ಲ. ಸಂಸತ್ತು ಪಾಸು ಮಾಡಿದ ಕಾನೂನು ಎಂಟು ವರ್ಷ ದಾಟಿದರೂ ಪೆಟ್ಟಿಗೆಯಲ್ಲೇ ಉಂಟು.

ಆ ಪೆಟ್ಟಿಗೆಯೊಳಗೆ ಏನುಂಟು ಅಂತಲೂ ನೋಡಬೇಕು. 'ಹೊಸ ಆರಂಭ' ಅಂತ ಒಂದು ವ್ಯವಸ್ಥೆ ಉಂಟು, ಇಂಗ್ಲೆಂಡಿನದ್ದೇ ಜಾಡು. ಅರ್ಜಿ ಹಾಕಿ ಅದು ಅಂಗೀಕಾರವಾದರೆ 180 ದಿನ ಯಾರೂ ಸಾಲ ಕೇಳುವ ಹಾಗಿಲ್ಲ, ಕೊನೆಗೆ ಅರ್ಹ ಸಾಲ ರದ್ದು. ಕೇಳಲಿಕ್ಕೆ ಚಂದ. ಷರತ್ತು ಓದಿ: ವರ್ಷದ ಆದಾಯ 60 ಸಾವಿರ ಮೀರಬಾರದು, ಆಸ್ತಿ 20 ಸಾವಿರ ಮೀರಬಾರದು, ಸಾಲ 35 ಸಾವಿರ ಮೀರಬಾರದು, ಸ್ವಂತ ಮನೆ ಇರಬಾರದು. ತಿಂಗಳಿಗೆ ಐದು ಸಾವಿರ ಆದಾಯ! ನಮ್ಮ ಅಕ್ಕನ ಮೂರು ಮನೆಯ ಕೆಲಸಕ್ಕೂ ಅದಕ್ಕಿಂತ ಹೆಚ್ಚು ಬರ್ತದೆ. 35 ಸಾವಿರ ಅಂದ್ರೆ ಅವರ ಒಂದು ಗುಂಪಿನ ಸಾಲಕ್ಕಿಂತ ಕಡಿಮೆ. ಶಿಕ್ಷಣ ಸಾಲ ರದ್ದಾಗುವುದಿಲ್ಲ ಅಂತ ಬೇರೆ ಬರೆದಿದ್ದಾರೆ. ನಮ್ಮ ಮನೆಗಳಲ್ಲಿ ಮೊದಲ ಬಾರಿ ಇಂಜಿನಿಯರಿಂಗಿಗೆ, ನರ್ಸಿಂಗಿಗೆ ಹೋದ ಮಕ್ಕಳ ತಲೆ ಮೇಲೆ ಇರುವುದು ಅದೇ ಅಲ್ವಾ? ಇನ್ನು ಅರ್ಜಿ ಹಾಕಬೇಕಾದ ಜಾಗ ಸಾಲ ವಸೂಲಿ ನ್ಯಾಯಮಂಡಳಿ. ಹೆಸರಿನಲ್ಲೇ ವಸೂಲಿ ಉಂಟು. ಕರ್ನಾಟಕಕ್ಕೆ ಅದು ಇರುವುದು ಬೆಂಗಳೂರಿನಲ್ಲಿ. 35 ಸಾವಿರದ ಸಾಲ ಬಿಡಿಸಿಕೊಳ್ಳಲು ರಾತ್ರಿ ಬಸ್ಸಿಗೆ ಶಿರಾಡಿ ಘಾಟಿ ಹತ್ತಬೇಕು, ಪ್ರತಿ ತಾರೀಖಿಗೂ.

ಕಂಪನಿ ದಿವಾಳಿಯ ಕಡೆ ನೋಡಿ. ಬೈಜೂಸ್ ಕಂಪನಿಯನ್ನು 2024ರ ಜುಲೈಯಲ್ಲಿ ಬೆಂಗಳೂರಿನ ಕಂಪನಿ ನ್ಯಾಯಮಂಡಳಿಗೆ ಎಳೆದದ್ದು ಕ್ರಿಕೆಟ್ ಮಂಡಳಿಯ 158 ಕೋಟಿ ಬಾಕಿ. ಅಲ್ಲಿ ಕಂಪನಿಯ ಕೇಸು ಶುರುವಾದ ಕೂಡಲೇ ವಸೂಲಿ ನಿಲ್ಲಬೇಕು. ಯಾರೂ ಮನೆ ಬಾಗಿಲಿಗೆ ಬಂದು ಅಕ್ಕಪಕ್ಕದವರಿಗೆ ಕೇಳುವ ಹಾಗೆ ಬೊಬ್ಬೆ ಹಾಕುವುದಿಲ್ಲ. ಪ್ರಕ್ರಿಯೆ ನಡೆಸುವ ತಜ್ಞನ ಫೀಸು ಕಂಪನಿಯ ಆಸ್ತಿಯಿಂದ ಎಲ್ಲರಿಗಿಂತ ಮೊದಲು ಸಲ್ಲಬೇಕು ಅಂತ 53ನೇ ಕಲಂನಲ್ಲೇ ಬರೆದಿದ್ದಾರೆ, ಕೂಲಿಗಾರರ ಸಂಬಳಕ್ಕಿಂತಲೂ ಮೊದಲು. ಆ ತಜ್ಞನಾಗಬೇಕಾದರೆ ವಕೀಲನಿಗೆ 10 ವರ್ಷದ ಅನುಭವ, ಮೇಲೆ ಪರೀಕ್ಷೆ. ಹತ್ತು ವರ್ಷ ಫೈನಾನ್ಸಿನ ನೋಟಿಸು ಬರೆದು ತಳ್ಳಿದ ನಮ್ಮ ತಮ್ಮನಿಗೆ ಆ ಪರೀಕ್ಷೆ ಕಟ್ಟು ಅಂತ ನಾನೂ ಹೇಳಿದೆ. ನಕ್ಕ. "ಪಾಸಾದರೂ ಮಂಗಳೂರಿನಲ್ಲಿ ಕೂತರೆ ನನಗೆ ಯಾರು ಕಂಪನಿ ಕೊಡ್ತಾರೆ ಅಣ್ಣ?"

ಬಂಟ್ವಾಳ ಮೂಲದ ಮನೆತನದ ವಿಜಯ್ ಮಲ್ಯ ಕರ್ನಾಟಕದಿಂದ ಎರಡು ಸಲ ರಾಜ್ಯಸಭೆಗೆ ಹೋದವರು. ಕಿಂಗ್‌ಫಿಷರ್ ವಿಮಾನ 2012ರಲ್ಲಿ ನಿಂತ ಮೇಲೂ 2016ರವರೆಗೆ ಸಂಸದರಾಗಿಯೇ ಇದ್ದರು. ಕೊನೆಗೆ ದಿವಾಳಿ ಅಂತ ಘೋಷಿಸಿದ್ದು 2021ರ ಜುಲೈಯಲ್ಲಿ ಲಂಡನ್ನಿನ ಕೋರ್ಟು. ಇತ್ತ ಸಂವಿಧಾನದ 102 ಮತ್ತು 191ನೇ ವಿಧಿ ಪ್ರಕಾರ ವಿಮುಕ್ತಿ ಸಿಗದ ದಿವಾಳಿ ವ್ಯಕ್ತಿ ಸಂಸದ, ಶಾಸಕ ಆಗುವ ಹಾಗಿಲ್ಲ. 1920ರ ಕಾಯ್ದೆಯ 73ನೇ ಕಲಂನಲ್ಲಿ ಸ್ಥಳೀಯ ಸಂಸ್ಥೆಗೂ ಇದೇ ನಿರ್ಬಂಧ. ಅಂದ್ರೆ ಕಂಪನಿ ಮುಳುಗಿಸಿದವನ ಕುರ್ಚಿ ಗಟ್ಟಿ, ಆಸ್ಪತ್ರೆ ಸಾಲಕ್ಕೆ ಪಾಪರ್ ಆದ ನಮ್ಮ ಅಕ್ಕ ಮೀಸಲು ವಾರ್ಡಿನಲ್ಲಿ ಕಾರ್ಪೊರೇಟರ್ ಚುನಾವಣೆಗೂ ನಿಲ್ಲುವ ಹಾಗಿಲ್ಲ. ಇದರ ಬಗ್ಗೆ ನಮ್ಮ ಸಂಘಟನೆಗಳಲ್ಲಿ ಒಂದು ದಿನವಾದರೂ ಚರ್ಚೆ ಆದದ್ದು ನನಗೆ ನೆನಪಿಲ್ಲ. ನಾನೂ ಅದರಲ್ಲಿ ಒಬ್ಬ.

ನಮ್ಮ ಜಿಲ್ಲೆಗೆ ಬ್ಯಾಂಕುಗಳ ತೊಟ್ಟಿಲು ಅಂತ ಹೆಸರು. 1906ರಲ್ಲಿ ಕೆನರಾ ಬ್ಯಾಂಕ್ ಕಟ್ಟಿದ ಅಮ್ಮೆಂಬಳ ಸುಬ್ಬರಾವ್ ಪೈ ಇಲ್ಲಿನ ಕೋರ್ಟಿನ ವಕೀಲರು. 1924ಕ್ಕೆ ಕರ್ಣಾಟಕ ಬ್ಯಾಂಕ್, 1931ಕ್ಕೆ ವಿಜಯಾ ಬ್ಯಾಂಕ್. ಸಾಲ ಕೊಡುವ ವಿದ್ಯೆಯನ್ನು ದೇಶಕ್ಕೇ ಕಲಿಸಿದೆವು ಅಂತ ಭಾಷಣ ಮಾಡ್ತೇವೆ. ಅದೇ ಊರಿನಲ್ಲಿ, 1897ರಲ್ಲಿ ದಲಿತ ಮಕ್ಕಳಿಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಶುರುಮಾಡಿದ ಕುದ್ಮುಲ್ ರಂಗರಾವ್ ಕೂಡ ವಕೀಲರೇ, ಬಡವರ ಕೇಸು ಹಿಡಿಯುತ್ತಿದ್ದವರು. ಅವರ ಹೆಸರಿನ ಪುರಭವನದಲ್ಲಿ ನಾವು ಸಭೆ ಮಾಡ್ತೇವೆ, ಪಕ್ಕದ ಬೀದಿಗಳಲ್ಲಿ ಫೈನಾನ್ಸು ಬೋರ್ಡುಗಳನ್ನು ಲೆಕ್ಕ ಹಾಕಿ ಮುಗಿಯುವುದಿಲ್ಲ. ಸಾಲದಿಂದ ಹೊರಗೆ ಬರುವ ವಿದ್ಯೆಯ ಒಂದು ಬೋರ್ಡು ತೋರಿಸಿ.

ಈಗ ಕೆಲವು ಸಂಗಾತಿಗಳು ಹೇಳಬಹುದು, ನಮಗೆ ಋಣಪರಿಹಾರ ಕಾಯ್ದೆ ಇರ್ಲಿಲ್ವಾ ಅಂತ. ಇತ್ತು. 1976ರಲ್ಲಿ ದೇವರಾಜ ಅರಸರು ಮಾಡಿದ್ದು ದೊಡ್ಡ ಕೆಲಸ, ಜೀತಕ್ಕೂ ಸಾಲಕ್ಕೂ ಇದ್ದ ಗಂಟನ್ನು ಅವರು ಕಂಡಿದ್ದರು. 2018ರಲ್ಲಿ ಕುಮಾರಸ್ವಾಮಿ ಸರಕಾರ ಇನ್ನೊಂದು ತಂದು, 2019ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಸಿಕ್ಕಿತು. 2025ರ ಫೆಬ್ರವರಿ 12ಕ್ಕೆ ಮೈಕ್ರೋಫೈನಾನ್ಸ್ ಕಿರುಕುಳದ ವಿರುದ್ಧ ಸುಗ್ರೀವಾಜ್ಞೆ ಬಂತು. ರಾಜ್ಯಪಾಲರು ಒಮ್ಮೆ ವಾಪಸ್ ಕಳಿಸಿ ಆಮೇಲೆ ಸಹಿ ಹಾಕಿದ್ದು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಒಳ್ಳೆಯದೇ. ಆದರೆ ಅದರಲ್ಲಿ ಸಾಲ ರದ್ದಾಗುವುದು ಪರವಾನಗಿ, ನೋಂದಣಿ ಇಲ್ಲದವರು ಕೊಟ್ಟದ್ದು ಮಾತ್ರ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಕಂಪನಿಯ ಸಾಲ ಹಾಗೇ ನಿಲ್ತದೆ, ಅಕ್ಕನ ಎರಡು ಗುಂಪಿನ ಸಾಲವೂ ಅಂಥದ್ದೇ.

ಮನ್ನಾ ಬೇರೆ, ಪಾಪರ್ ಬೇರೆ. ಮನ್ನಾ ಸರಕಾರದ ಮರ್ಜಿ, ಚುನಾವಣೆ ಬಂದಾಗ ಬರ್ತದೆ, ಕೊನೆ ದಿನಾಂಕ ದಾಟಿದರೆ ಹೋಯ್ತು. ದಿವಾಳಿ ಕಾಯ್ದೆ ಹಾಗಲ್ಲ. ಅದು ವರ್ಷದ ಯಾವ ದಿನ ಬೇಕಾದರೂ ಹೋಗಿ ಕೇಳಬಹುದಾದ ಹಕ್ಕು. ಮಂತ್ರಿಯ ಕಾಲು ಹಿಡಿಯಬೇಕಾಗಿಲ್ಲ, ಕೋರ್ಟಿನ ಮುಂದೆ ಲೆಕ್ಕ ಇಟ್ಟರೆ ಸಾಕು. ಅಕ್ಕ ಕೇಳಿದ್ದು ದಯೆ ಅಲ್ಲ, ಇದನ್ನೇ.

ಹಾಗಾದರೆ ಎಲ್ಲರೂ ಸಾಲ ಮಾಡಿ ಪಾಪರ್ ಆಗ್ತಾರೆ ಅಂತ ಹೇಳುವವರು ಇದ್ದಾರೆ. ನಮ್ಮ ಆಫೀಸಿನಲ್ಲೇ ಒಬ್ಬರು ಹೇಳಿದರು. ನನಗೆ ಅರ್ಥವಾಗದ್ದು, ಕಂಪನಿಗೆ ಸಾವಿರಾರು ಕೋಟಿ ಬಿಟ್ಟುಕೊಡುವಾಗ ಈ ಚಿಂತೆ ಎಲ್ಲಿ ಹೋಗಿರ್ತದೆ? ಇನ್ನು ನಮ್ಮ ಹೆಂಗಸರು ಕಂತು ತಪ್ಪಿಸುವವರು ಅಂತ ಯಾರು ಹೇಳ್ತಾರೆ? ಗುಂಪಿನಲ್ಲಿ ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು, ಹಾಗಾಗಿ ಅಕ್ಕಿ ಡಬ್ಬಿ ಖಾಲಿ ಇಟ್ಟು ಕಂತು ಕಟ್ಟುವವರು ಅವರು.

ಇನ್ನೊಂದು ವಿಷಯ ನಿಮಗೆ ಗೊತ್ತಿರಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಪ್ರಕಾರ ಕೋರ್ಟು ಕೂಡ ಜಪ್ತಿ ಮಾಡಲಾಗದ ವಸ್ತುಗಳ ಪಟ್ಟಿ ಉಂಟು: ಉಡುವ ಬಟ್ಟೆ, ಅಡಿಗೆ ಪಾತ್ರೆ, ಹಾಸಿಗೆ, ಕಸುಬಿನ ಉಪಕರಣ, ಧರ್ಮದ ಪದ್ಧತಿ ಪ್ರಕಾರ ಹೆಂಗಸು ತೆಗೆಯದ ಆಭರಣ. ಅದರಲ್ಲೇ ಇನ್ನೊಂದು: ಕೂಲಿಗಾರರ ಮತ್ತು ಮನೆಗೆಲಸದವರ ಕೂಲಿ. 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಹೇಳಿದ್ದೂ ಇದೇ ದಾರಿಯದ್ದು: ಕೈಯಲ್ಲಿ ಇದ್ದೂ ಮೋಸದಿಂದ ಕೊಡದವನನ್ನು ಬಿಟ್ಟು, ಬಡತನದಿಂದ ಕೊಡಲಾಗದವನನ್ನು ಸಿವಿಲ್ ಸಾಲಕ್ಕೆ ಜೈಲಿಗೆ ಹಾಕುವಂತಿಲ್ಲ. ಅಂದ್ರೆ ಕಾನೂನಿನ ಪ್ರಕಾರ ಅಕ್ಕನ ಮನೆಯಿಂದ ತೆಗೆದುಕೊಂಡು ಹೋಗಲಿಕ್ಕೆ ಏನೂ ಇಲ್ಲ. ಅದಕ್ಕೇ ವಸೂಲಿಯವರು ಕಾನೂನು ಬಿಟ್ಟು ಮರ್ಯಾದೆ ಹಿಡಿಯುವುದು. ಖಾಲಿ ಚೆಕ್ಕು ಹಿಡಿಯುವುದೂ ಅದಕ್ಕೇ, ಸಿವಿಲ್ ಸಾಲವನ್ನು ಕ್ರಿಮಿನಲ್ ಮಾಡಲಿಕ್ಕೆ. 2019ರಲ್ಲಿ ಸಿದ್ಧಾರ್ಥ ಅವರು ತೀರಿಕೊಂಡ ಮೇಲೆ ನೇತ್ರಾವತಿ ಸೇತುವೆಗೆ ಕಬ್ಬಿಣದ ಬಲೆ ಹಾಕಿಸಿದರು. ಅದಾದರೂ ಹಾಕಿಸಿದರು. ಸೇತುವೆಗೆ ಹೋಗುವ ಮೊದಲು ಮನುಷ್ಯ ಹೋಗಬಹುದಾದ ಒಂದು ಆಫೀಸು ಮಾತ್ರ ಇನ್ನೂ ತೆರೆದಿಲ್ಲ.

ನಾವು ಏನು ಕೇಳಬೇಕು ಅನ್ನುವುದರಲ್ಲಿ ನನಗೆ ಗೊಂದಲ ಇಲ್ಲ. ಮೂರನೇ ಭಾಗ ಜಾರಿ ಮಾಡಿ. 60, 20, 35 ಸಾವಿರದ ಲೆಕ್ಕ ಬದಲಿಸಿ, ಮೈಕ್ರೋಫೈನಾನ್ಸಿಗೆ ರಿಸರ್ವ್ ಬ್ಯಾಂಕು 2022ರಲ್ಲಿ ಇಟ್ಟ ಮೂರು ಲಕ್ಷದ ಕುಟುಂಬ ಆದಾಯದ ಮಿತಿಯನ್ನೇ ಇಲ್ಲಿಗೂ ಇಡಿ. ಸಾಲ ಕೊಡುವಾಗ ಬಡವಿ, ಬಿಡುವಾಗ ಶ್ರೀಮಂತೆ ಆಗ್ಲಿಕ್ಕೆ ಹೇಗೆ ಸಾಧ್ಯ? ಅರ್ಜಿ ಬೆಂಗಳೂರಿಗಲ್ಲ, ಜಿಲ್ಲಾ ಕೋರ್ಟಿಗೆ. ಚುನಾವಣೆಯ ನಿರ್ಬಂಧ ಬಡ ಸಾಲಗಾರರಿಗೆ ಬೇಡ. ಮತ್ತೆ ಈ ಅರ್ಜಿಗೆ ವಕೀಲನ ಫೀಸನ್ನು ಕಾನೂನು ಸೇವಾ ಪ್ರಾಧಿಕಾರ ಮರ್ಯಾದೆಯ ಮಟ್ಟದಲ್ಲಿ ಕೊಡಬೇಕು. ಇದನ್ನು ನಾನು ಕೊನೆಗೆ ಬರೆದರೂ ನನ್ನ ಮಟ್ಟಿಗೆ ಇದೇ ಮೊದಲು. ಈ ಕೆಲಸದಿಂದ ಒಬ್ಬ ವಕೀಲನ ಮನೆ ನಡೆಯುವಂತಾದರೆ ನಮ್ಮ ತಮ್ಮನಂಥವರು ಮೇಜಿನ ಈ ಕಡೆಗೆ ಬರ್ತಾರೆ. ಬರೀ ಕಳಕಳಿಯಿಂದ ಯಾರನ್ನೂ ಹೆಚ್ಚು ದಿನ ಕೂರಿಸ್ಲಿಕ್ಕೆ ಆಗುವುದಿಲ್ಲ.

1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಪರಿಶಿಷ್ಟ ಜಾತಿ ಪಂಗಡದವರಿಗೆ ಮತ್ತು ಎಲ್ಲ ಹೆಂಗಸರಿಗೆ ವಕೀಲರ ನೆರವು ಉಚಿತ, ಆದಾಯ ಕೇಳುವ ಹಾಗಿಲ್ಲ. ಸಹಾಯವಾಣಿ 15100. ಅಕ್ಕನನ್ನು ಸೋಮವಾರ ಅರ್ಧ ದಿನ ರಜೆ ಹಾಕಿ ನಾನೇ ಕೋರ್ಟಿಗೆ ಕರೆದುಕೊಂಡು ಹೋದೆ. ಪ್ಯಾನೆಲ್ಲಿನಿಂದ ಒಬ್ಬ ಮೇಡಂ ಸಿಕ್ಕಿದರು, ಚಿಕ್ಕ ಪ್ರಾಯದವರು. ಚೆಕ್ ಖಾಲಿ ಇತ್ತು, ಮೊತ್ತ ಬರೆದದ್ದು ಅವರಲ್ಲ ಅಂತ ನೋಟಿಸಿಗೆ ಉತ್ತರ ಹೋಯ್ತು. 1920ರ ಕಾಯ್ದೆಯಲ್ಲಿ ಅರ್ಜಿ ಹಾಕಬಹುದಾ ಅಂತ ನಾನು ಕೇಳಿದೆ. "ಕಾಲೇಜಿನಲ್ಲಿ ಓದಿದ್ದೆ ಸರ್, ಹಾಕಿದವರನ್ನು ನೋಡಿಲ್ಲ" ಅಂದರು. ಆಮೇಲೆ ಪುಸ್ತಕ ತೆಗೆದರು. ಪಾಪರ್ ಅರ್ಜಿ ಹಾಕಿದರೂ 138ರ ಕ್ರಿಮಿನಲ್ ಕೇಸು ತಾನಾಗಿ ನಿಲ್ಲುವುದಿಲ್ಲ, ಸಾಲದಿಂದ ವಿಮುಕ್ತಿ ಸಿಗಬೇಕಾದರೆ ಬೇರೆ ಅರ್ಜಿ ಕೊಡಬೇಕು, ಕೊಡುವುದು ಬಿಡುವುದು ಕೋರ್ಟಿನ ಕೈಯಲ್ಲಿ ಅಂತ ಬಿಡಿಸಿ ಹೇಳಿದರು. ಅಕ್ಕ ಎಲ್ಲ ಕೇಳಿ, "ಹಾಕುವ" ಅಂದರು.

ವಕೀಲ ತಮ್ಮ ಮೊನ್ನೆ ಮನೆಗೆ ಬಂದಿದ್ದ. ಆ ಫೈನಾನ್ಸಿನ ಈ ಒಂದು ಕೇಸಿನಿಂದ ಹಿಂದೆ ಸರಿದಿದ್ದಾನೆ. ಉಳಿದವು ಬಿಡಲಿಕ್ಕೆ ಆಗುವುದಿಲ್ಲ ಅಂತಲೂ ಹೇಳಿದ, ಮುಚ್ಚಿಡಲಿಲ್ಲ. ಆದರೆ ತಿಂಗಳಿಗೆ ಎರಡು ಭಾನುವಾರ ಕಾಲೊನಿಯಲ್ಲಿ ಕೂತು, ತಾನು ವಕಾಲತ್ತು ಹಾಕದ ಸಾಲಗಳ ಕಾಗದ ಓದಿ ಹೇಳ್ತೇನೆ ಅಂದಿದ್ದಾನೆ. ಎಲ್‌ಎಲ್‌ಬಿ ಓದುವ ನಮ್ಮ ಹುಡುಗ ಹುಡುಗಿಯರು ಯಾರಾದರೂ ಜೊತೆಗೆ ಕೂರುವುದಾದರೆ ಇನ್‌ಬಾಕ್ಸಿಗೆ ಬನ್ನಿ.

ಕಾವೂರು, ಬೊಂದೇಲ್, ಕುಂಜತ್ತಬೈಲು ಕಡೆಯವರು ಬರುವಾಗ ಸಾಲದ ಕಾರ್ಡು, ಪಾಸ್‌ಬುಕ್ಕು, ಚೆಕ್ ಪುಸ್ತಕದಲ್ಲಿ ಉಳಿದ ಅಡಿಚೀಟಿ ತನ್ನಿ. ನೋಟಿಸು ಬಂದಿದ್ದರೆ ಕವರನ್ನು ಬಿಸಾಡಬೇಡಿ ಮಾರಾಯ್ರೆ, ಅದರ ಮೇಲಿನ ಅಂಚೆ ಮೊಹರಿನ ತಾರೀಖು ಬೇಕಾಗ್ತದೆ. 15 ದಿನದ ಲೆಕ್ಕಕ್ಕೆ ನಿಮಗೆ ನೋಟಿಸು ಯಾವತ್ತು ಸಿಕ್ಕಿತು ಅನ್ನುವುದು ಮುಖ್ಯ.